ಕಾರ್ಡ್ ರೇಡೋ, ಝಡ್‌ಎಫ್‌ಎಸ್ಸೋ: ಸರ್ವರ್ ಡಿಸ್ಕ್‌ಗಳನ್ನು ಯಾರ ಕೈಗೆ ಒಪ್ಪಿಸಬೇಕು?

ಮೇ ತಿಂಗಳ ಒಂದು ಶನಿವಾರ ಸಂಜೆ. ಮಳೆಗಾಲ ಇನ್ನೂ ಶುರುವಾಗಿರಲಿಲ್ಲ, ಆದರೆ ಮಂಗಳೂರಿನ ಸಂಜೆ ಸಿಡಿಲು ಶುರುವಾಗಿತ್ತು. ಬಲ್ಮಠದ ಕಡೆಯ ಒಂದು ಕಚೇರಿಯಿಂದ ಫೋನ್ ಬಂತು. "ಸರ್ವರ್ ಆನ್ ಆಗ್ತದೆ ಸರ್, ಆದ್ರೆ ಡಿಸ್ಕೇ ಇಲ್ಲ ಅಂತ ತೋರಿಸ್ತಾ ಉಂಟು." ಹೋಗಿ ನೋಡಿದರೆ ನಾಲ್ಕೂ ಡಿಸ್ಕ್ ತಿರುಗುತ್ತಿದ್ದವು, ಒಂದಕ್ಕೂ ಏನೂ ಆಗಿರಲಿಲ್ಲ. ಸತ್ತದ್ದು ರೇಡ್ ಕಾರ್ಡ್, ಅಂದರೆ ಆ ಡಿಸ್ಕ್‌ಗಳನ್ನು ಒಂದಾಗಿ ಸೇರಿಸಿ ನಡೆಸುವ ಕಾರ್ಡ್.

ಡಿಸ್ಕ್ ಗಟ್ಟಿಮುಟ್ಟಾಗಿದ್ದರೂ ಒಳಗಿನ ಲೆಕ್ಕಪತ್ರ ಓದಲು ಆ ಹೊತ್ತಿಗೆ ನನ್ನ ಕೈಯಲ್ಲಿ ದಾರಿ ಇರಲಿಲ್ಲ, ಏಕೆಂದರೆ ಯಾವ ತುಂಡು ಯಾವ ಡಿಸ್ಕ್‌ನಲ್ಲಿ ಉಂಟು ಅನ್ನುವ ಲೆಕ್ಕವನ್ನು ಆ ಕಾರ್ಡ್ ತನ್ನದೇ ರೀತಿಯಲ್ಲಿ ಬರೆದಿಟ್ಟಿತ್ತು. ಬ್ಯಾಕಪ್ ಇತ್ತು, ಆದರೆ ಎರಡು ವಾರ ಹಳೆಯದು. ಬೆಂಗಳೂರಿನಲ್ಲಿ ಪರಿಚಯದವರೊಬ್ಬರ ಬಳಿ ಅದೇ ಮಾದರಿಯ ಹಳೆಯ ಕಾರ್ಡ್ ಸಿಕ್ಕಿತು. ಭಾನುವಾರ ರಾತ್ರಿ ಬಸ್ಸಿಗೆ ಹಾಕಿದರು, ಶಿರಾಡಿ ಘಾಟಿ ಇಳಿದು ಸೋಮವಾರ ಬೆಳಗ್ಗೆ ಬಂತು. ಅದನ್ನು ಕೂರಿಸಿ, ಡಿಸ್ಕ್‌ಗಳ ಮೇಲಿದ್ದ ಹಳೆಯ ಜೋಡಣೆಯನ್ನು ಇಂಪೋರ್ಟ್ ಮಾಡಿದ ಮೇಲೆ ಎಲ್ಲ ಎದ್ದಿತು. ಅದು ಜುಲೈ ಆಗಿದ್ದು, ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿದ್ದರೆ ಎಷ್ಟು ದಿನ ಕಾಯಬೇಕಿತ್ತೋ.

ಆಮೇಲೆ ಯಾರಿಗೆ ಸರ್ವರ್ ಹಾಕಿಕೊಡುವಾಗಲೂ ನಾನು ವೇಗದ ಮಾತು ಆಮೇಲೆ ಎತ್ತುತ್ತೇನೆ. ಮೊದಲು ಕೇಳುವುದು ಇಷ್ಟೇ: ಡಿಸ್ಕ್ ಬಿಟ್ಟು ಬೇರೆ ಏನಾದರೂ ಕೆಟ್ಟರೆ, ಈ ಡಿಸ್ಕ್‌ಗಳನ್ನು ಓದುವ ವಿದ್ಯೆ ಯಾರ ಹತ್ತಿರ ಇರುತ್ತದೆ, ಅದು ನಮ್ಮ ಊರಲ್ಲೇ ಸಿಗುತ್ತದಾ? ಈ ಮಾರ್ಗದರ್ಶಿ ಪೂರ್ತಿ ಆ ಪ್ರಶ್ನೆಯ ಸುತ್ತವೇ ಇದೆ. ಕರಾವಳಿಯಲ್ಲಿ ಸಣ್ಣ ಕಚೇರಿ, ಕ್ಲಿನಿಕ್, ಪ್ರೆಸ್, ಐಸ್ ಪ್ಲಾಂಟ್‌ಗಳ ಸರ್ವರ್ ನೋಡಿಕೊಳ್ಳುವವರಿಗೆ ಅಂತ ಬರೆದದ್ದು.

ಮೊದಲು ಎರಡು ಪಕ್ಷ ಯಾವುವು ಅಂತ ನೋಡೋಣ

ರೇಡ್ ಅನ್ನುವ ಹೆಸರು ಬಂದದ್ದು 1988ರಲ್ಲಿ, ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಮೂವರು ಬರೆದ ಪ್ರಬಂಧದಿಂದ. ಒಂದು ದುಬಾರಿ ದೊಡ್ಡ ಡಿಸ್ಕ್ ಬದಲು ಹಲವು ಅಗ್ಗದ ಡಿಸ್ಕ್‌ಗಳನ್ನು ಸೇರಿಸಿ ಬಳಸಿ ಅಂದರು. ಆ ಸೇರಿಸುವ ಕೆಲಸವನ್ನು ಒಂದು ಕಾರ್ಡ್ ಮಾಡಿದರೆ ಹಾರ್ಡ್‌ವೇರ್ ರೇಡ್. ಆಪರೇಟಿಂಗ್ ಸಿಸ್ಟಂಗೆ ಕಾಣುವುದು ಒಂದೇ ದೊಡ್ಡ ಡಿಸ್ಕ್, ಹಿಂದೆ ಏನು ನಡೆಯುತ್ತದೆ ಅಂತ ಅದಕ್ಕೆ ಗೊತ್ತೇ ಇರುವುದಿಲ್ಲ.

ಇನ್ನೊಂದು ಕಡೆ ಝಡ್‌ಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ 2001ರಲ್ಲಿ ಶುರುವಾಗಿ 2005ರಲ್ಲಿ ಅದರ ಸೋರ್ಸ್ ಹೊರಬಂತು, 2013ರಿಂದ ಓಪನ್‌ಝಡ್‌ಎಫ್‌ಎಸ್ ಹೆಸರಲ್ಲಿ ಬೆಳೆಯುತ್ತಿದೆ. ಇಲ್ಲಿ ಡಿಸ್ಕ್ ಸೇರಿಸುವುದು, ಫೈಲ್ ಇಡುವುದು, ಇಟ್ಟದ್ದು ಸರಿ ಉಂಟಾ ಅಂತ ನೋಡುವುದು ಎಲ್ಲ ಒಂದೇ ಕಡೆ. ಇವೆರಡರ ನಡುವೆ ಲಿನಕ್ಸ್‌ನ ಎಂಡಿ ರೇಡ್ ಉಂಟು, ಕಾರ್ಡ್ ಇಲ್ಲದೆ ಲಿನಕ್ಸೇ ಡಿಸ್ಕ್ ಸೇರಿಸುವುದು, ಸರಳ, ನಂಬಬಹುದಾದದ್ದು. ಬಿಟಿಆರ್‌ಎಫ್‌ಎಸ್ ಕೂಡ ಉಂಟು, ಅದರ ಮಿರರ್ (ಒಂದೇ ಡೇಟಾವನ್ನು ಎರಡು ಡಿಸ್ಕಿನಲ್ಲೂ ಇಡುವುದು) ಚೆನ್ನಾಗಿದೆ, ಆದರೆ ಅದರ ರೇಡ್ 5 ಮತ್ತು 6ನ್ನು (ಹೋದ ಡಿಸ್ಕಿನ ಡೇಟಾ ಮತ್ತೆ ತರಲು ಪ್ಯಾರಿಟಿ ಅನ್ನುವ ಹೆಚ್ಚುವರಿ ಲೆಕ್ಕ ಬರೆದಿಡುವ ಕ್ರಮ; 5 ಆದರೆ ಒಂದು ಡಿಸ್ಕ್, 6 ಆದರೆ ಎರಡು ಹೋದರೂ ತಡೆಯುತ್ತದೆ) ಮುಖ್ಯ ಡೇಟಾಗೆ ಬಳಸಬೇಡಿ ಅಂತ ಅದನ್ನು ಮಾಡಿದವರೇ ಹೇಳುತ್ತಾರೆ.

ಮದರ್‌ಬೋರ್ಡ್‌ನ ಬಯಾಸ್‌ನಲ್ಲೇ ರೇಡ್ ಅಂತ ಒಂದು ಆಯ್ಕೆ ಇರುತ್ತದಲ್ವಾ, ಅದನ್ನು ಬಿಟ್ಟುಬಿಡಿ. ಅದರಲ್ಲಿ ಕಾರ್ಡಿನ ಬ್ಯಾಟರಿಯೂ ಇಲ್ಲ, ಝಡ್‌ಎಫ್‌ಎಸ್‌ನ ತಪಾಸಣೆಯೂ ಇಲ್ಲ.

ಹೆಜ್ಜೆ 1: ಮಷಿನ್ ಮೇಲೆ ಏನು ಓಡಬೇಕು?

ಅರ್ಧ ತೀರ್ಮಾನ ಇಲ್ಲೇ ಆಗಿಹೋಗುತ್ತದೆ. ಡಿಸ್ಕ್‌ಗಳ ಮೇಲೆ ನೇರವಾಗಿ ವಿಂಡೋಸ್ ಸರ್ವರ್ ಹಾಕಿ ಟ್ಯಾಲಿ ಓಡಿಸುತ್ತೀರಾ? ಹಾಗಾದರೆ ಝಡ್‌ಎಫ್‌ಎಸ್ ಮಾತು ಇಲ್ಲ, ಒಳ್ಳೆಯ ರೇಡ್ ಕಾರ್ಡ್ ಹಾಕಿ. ವರ್ಚುವಲ್ ಮಷಿನ್ ಓಡಿಸುವ ವಿಎಂವೇರ್ ಇಎಸ್‌ಎಕ್ಸ್‌ಐ ಆದರೂ ಅಷ್ಟೇ, ಮಷಿನ್ ಒಳಗಿನ ಡಿಸ್ಕ್‌ಗಳನ್ನು ತಾನೇ ಮಿರರ್ ಮಾಡಿಕೊಳ್ಳುವ ದಾರಿ ಅದರಲ್ಲಿ ಇಲ್ಲ, ಕಾರ್ಡ್ ಬೇಕೇ ಬೇಕು.

ಲಿನಕ್ಸ್, ಫ್ರೀಬಿಎಸ್‌ಡಿ ಅಥವಾ ಪ್ರಾಕ್ಸ್‌ಮಾಕ್ಸ್ (ವರ್ಚುವಲ್ ಮಷಿನ್ ಓಡಿಸಲೆಂದೇ ಇರುವ ಲಿನಕ್ಸ್) ಆದರೆ ನಿಮಗೆ ಆಯ್ಕೆ ಉಂಟು. ನಾನು ಈಗ ಹೆಚ್ಚಾಗಿ ಮಾಡುವುದು ಹೀಗೆ: ಕೆಳಗೆ ಪ್ರಾಕ್ಸ್‌ಮಾಕ್ಸ್, ಡಿಸ್ಕ್‌ಗಳು ಝಡ್‌ಎಫ್‌ಎಸ್ ಮಿರರ್, ಅದರ ಮೇಲೆ ವಿಂಡೋಸ್ ಒಂದು ವರ್ಚುವಲ್ ಮಷಿನ್, ಅದರೊಳಗೆ ಟ್ಯಾಲಿ. ಕಚೇರಿಯವರಿಗೆ ಏನೂ ಬದಲಾದಂತೆ ಅನಿಸುವುದಿಲ್ಲ. ಗಂಟೆಗೊಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡೇಟಾ ಇದ್ದ ಹಾಗೇ ಹಿಡಿದಿಟ್ಟದ್ದು, ಸಿಗುತ್ತದೆ. ಯಾರೋ ಕಂಪನಿ ಫೋಲ್ಡರ್ ಅಳಿಸಿದರು ಅಂತ ಮಧ್ಯಾಹ್ನ ಫೋನ್ ಬಂದಾಗ ಬೆಳಗ್ಗೆ 11ರ ಸ್ನ್ಯಾಪ್‌ಶಾಟ್‌ನಿಂದ ಎತ್ತಿಕೊಡಬಹುದು.

ಒಂದು ಎಚ್ಚರಿಕೆ. ಲೈಸೆನ್ಸ್ ತೊಡಕಿನಿಂದಾಗಿ ಝಡ್‌ಎಫ್‌ಎಸ್ ಲಿನಕ್ಸ್ ಕರ್ನಲ್‌ನ ಒಳಗೆ ಸೇರಿಲ್ಲ. ಉಬುಂಟು, ಪ್ರಾಕ್ಸ್‌ಮಾಕ್ಸ್ ಅದನ್ನು ಜೊತೆಗೇ ಕೊಡುತ್ತವೆ, ಹಾಗಾಗಿ ಅಲ್ಲಿ ತಲೆಬಿಸಿ ಕಡಿಮೆ. ಬೇರೆ ಕೆಲವು ಲಿನಕ್ಸ್‌ಗಳಲ್ಲಿ ಕರ್ನಲ್ ಅಪ್‌ಡೇಟ್ ಆದ ಮೇಲೆ ಝಡ್‌ಎಫ್‌ಎಸ್ ಮಾಡ್ಯೂಲ್ ಕಟ್ಟದೆ ಪೂಲ್ (ಝಡ್‌ಎಫ್‌ಎಸ್ ಸೇರಿಸಿಟ್ಟ ಡಿಸ್ಕ್‌ಗಳ ಗುಂಪು) ಎದ್ದೇಳದ ಪ್ರಸಂಗ ಬರಬಹುದು. ಅಂಥಲ್ಲಿ ಬರೀ ಎರಡು ಡಿಸ್ಕ್ ಮಿರರ್ ಸಾಕು ಅಂತಿದ್ದರೆ ಎಂಡಿ ರೇಡ್ ಹಾಕಿ, ಅದರಲ್ಲಿ ಏನೂ ನಾಚಿಕೆಯಿಲ್ಲ.

ಹೆಜ್ಜೆ 2: ಕರೆಂಟು ಹೋದ ಕ್ಷಣ ಏನಾಗುತ್ತದೆ?

ನಮ್ಮ ಕಡೆ ಇದನ್ನು ಬಿಟ್ಟು ಸರ್ವರ್ ಬಗ್ಗೆ ಮಾತಾಡಿ ಪ್ರಯೋಜನ ಇಲ್ಲ ಮಾರಾಯ್ರೆ. ಏಪ್ರಿಲ್, ಮೇಯಲ್ಲಿ ಸಿಡಿಲು, ಜೂನ್ ಆದ ಮೇಲೆ ಗಾಳಿಗೆ ತಂತಿ ಮೇಲೆ ಬೀಳುವ ತೆಂಗಿನ ಗರಿ.

ರೇಡ್ ಕಾರ್ಡಿನ ವೇಗದ ಗುಟ್ಟು ಅದರ ಮೇಲಿರುವ ಕ್ಯಾಶ್ ಮೆಮೊರಿ. ಬರೆಯಬೇಕಾದ್ದನ್ನು ಮೊದಲು ಅಲ್ಲಿ ಇಟ್ಟುಕೊಂಡು "ಆಯ್ತು" ಅಂದುಬಿಡುತ್ತದೆ, ಡಿಸ್ಕಿಗೆ ಆಮೇಲೆ ನಿಧಾನ ಬರೆಯುತ್ತದೆ. ಇದಕ್ಕೆ ರೈಟ್ ಬ್ಯಾಕ್ ಅನ್ನುತ್ತಾರೆ. ನಡುವೆ ಕರೆಂಟು ಹೋದರೆ ಆ ಮೆಮೊರಿಯನ್ನು ಉಳಿಸುವುದಕ್ಕೆ ಕಾರ್ಡಿಗೊಂದು ಸಣ್ಣ ಬ್ಯಾಟರಿ ಇರುತ್ತದೆ. ಹೊಸ ಕಾರ್ಡ್‌ಗಳಲ್ಲಿ ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್, ಅದು ಮೆಮೊರಿಯಲ್ಲಿ ಇದ್ದದ್ದನ್ನು ಫ್ಲ್ಯಾಶ್‌ಗೆ ಇಳಿಸುವಷ್ಟು ಹೊತ್ತು ಶಕ್ತಿ ಕೊಡುತ್ತದೆ.

ಬ್ಯಾಟರಿಗೆ ಸೆಖೆ ಆಗಿಬರುವುದಿಲ್ಲ. ಎಸಿ ಇಲ್ಲದ ಕೋಣೆಯಲ್ಲಿ ಎರಡು ಮೂರು ವರ್ಷಕ್ಕೆ ಅದರ ಬಲ ಇಳಿದುಬಿಡುತ್ತದೆ. ಬ್ಯಾಟರಿ ಸೋತ ಕೂಡಲೇ ಹೆಚ್ಚಿನ ಕಾರ್ಡ್‌ಗಳು ತಾವಾಗಿ ರೈಟ್ ಥ್ರೂಗೆ ಇಳಿಯುತ್ತವೆ, ಅಂದರೆ ಡಿಸ್ಕಿಗೆ ಬರೆದಾದ ಮೇಲೇ "ಆಯ್ತು" ಅನ್ನುತ್ತವೆ. "ಸರ್ವರ್ ಯಾಕೋ ಒಂದು ತಿಂಗಳಿಂದ ಸ್ಲೋ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಕಾರ್ಡಿನ ಬ್ಯಾಟರಿ. ಇದನ್ನು ಸರಿಮಾಡಲು ಕೆಲವರು ಬ್ಯಾಟರಿ ಇದ್ದರೂ ಇಲ್ಲದಿದ್ದರೂ ಯಾವಾಗಲೂ ರೈಟ್ ಬ್ಯಾಕ್ ಅನ್ನುವ ಆಯ್ಕೆ ಒತ್ತಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ಒಂದು ಸಲ ಕರೆಂಟು ಹೋದರೆ ಫೈಲ್‌ಸಿಸ್ಟಂ ಹಾಳಾಗುವಷ್ಟು ಡೇಟಾ ಆ ಮೆಮೊರಿಯಲ್ಲಿ ಇರುತ್ತದೆ.

ಝಡ್‌ಎಫ್‌ಎಸ್ ಬೇರೆ ದಾರಿ ಹಿಡಿಯುತ್ತದೆ. ಹಳೆಯದರ ಮೇಲೆ ತಿದ್ದುವುದೇ ಇಲ್ಲ. ಹೊಸದನ್ನು ಬೇರೆ ಖಾಲಿ ಜಾಗದಲ್ಲಿ ಬರೆದು, ಎಲ್ಲ ಬರೆದಾದ ಮೇಲೆ ಕೊನೆಗೆ ತುದಿಯ ಗುರುತನ್ನು ಹೊಸದಕ್ಕೆ ತಿರುಗಿಸುತ್ತದೆ. ನಡುವೆ ಕರೆಂಟು ಹೋದರೆ ಹಳೆಯ ಸ್ಥಿತಿ ಹಾಗೇ ಇರುತ್ತದೆ, ಕೊನೆಯ ಕೆಲವು ಸೆಕೆಂಡಿನ ಬರಹ ಹೋಗಬಹುದು ಅಷ್ಟೇ. ಡೇಟಾಬೇಸ್ "ಇದನ್ನು ಈಗಲೇ ಖಾತ್ರಿ ಮಾಡು" ಅಂತ ಕೇಳಿ ಬರೆಸಿದ್ದಾದರೆ ಅದೂ ಹೋಗುವುದಿಲ್ಲ. ರೇಡ್ 5ರಲ್ಲಿ ಡೇಟಾ ಬರೆದು ಪ್ಯಾರಿಟಿ ಬರೆಯುವಷ್ಟರಲ್ಲಿ ಕರೆಂಟು ಹೋಗಿ ಎರಡೂ ತಾಳೆಯಾಗದ ತೊಂದರೆ ಒಂದು ಉಂಟು, ರೈಟ್ ಹೋಲ್ ಅನ್ನುತ್ತಾರೆ. ಝಡ್‌ಎಫ್‌ಎಸ್‌ನ ಪ್ಯಾರಿಟಿ ಕ್ರಮವಾದ ರೇಡ್‌ಝಡ್‌ನಲ್ಲಿ ಅದು ಇಲ್ಲ.

ಆದರೆ ಯಾವ ಪಕ್ಷ ಹಿಡಿದರೂ ಯುಪಿಎಸ್ ಬೇಕು. ಅದರ ಯುಎಸ್‌ಬಿ ಕೇಬಲ್‌ ಅನ್ನು ಸರ್ವರ್‌ಗೆ ಸಿಕ್ಕಿಸಿ, ಬ್ಯಾಟರಿ ಕಡಿಮೆಯಾದಾಗ ತಾನಾಗಿ ಶಟ್‌ಡೌನ್ ಆಗುವ ಹಾಗೆ ಮಾಡಿ. ಆ ಕೇಬಲ್ ಡಬ್ಬಿಯಲ್ಲೇ ಉಳಿದಿರುವ ಕಚೇರಿಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಹೆಜ್ಜೆ 3: ಸದ್ದಿಲ್ಲದೆ ಹಾಳಾಗುವ ಫೈಲ್

ಉಡುಪಿಯ ಸ್ನೇಹಿತರೊಬ್ಬರ ಹತ್ತಿರ ರಾತ್ರಿಯಿಡೀ ನಡೆದ ಯಕ್ಷಗಾನ ಆಟಗಳ ರೆಕಾರ್ಡಿಂಗ್ ರಾಶಿ ಉಂಟು. ಹಳೆಯ ಟೇಪ್‌ಗಳನ್ನು ಒಂದೊಂದಾಗಿ ಡಿಜಿಟಲ್ ಮಾಡಿ ರೇಡ್ 5 ಮೇಲೆ ಇಟ್ಟಿದ್ದರು. ಎಲ್ಲ ದೀಪ ಹಸಿರು. ಒಂದು ದಿನ ಒಂದು ಪ್ರಸಂಗ ನೋಡುವಾಗ ಬೆಳಗಿನ ಜಾವದ ಭಾಗದಲ್ಲಿ ಚಿತ್ರ ಚೌಕ ಚೌಕವಾಗಿ ಹರಿದು, ಚೆಂಡೆಯ ಸದ್ದು ಕಿರುಗುಟ್ಟಿತು. ಬ್ಯಾಕಪ್ ತೆಗೆದು ನೋಡಿದರೆ ಅಲ್ಲಿಯೂ ಹಾಗೆಯೇ. ಹಾಳಾದ ಫೈಲನ್ನೇ ಬ್ಯಾಕಪ್ ನಿಷ್ಠೆಯಿಂದ ನಕಲು ಮಾಡಿತ್ತು. ಮೂಲ ಟೇಪಿಗೆ ಅಷ್ಟರಲ್ಲಿ ಬೂಷ್ಟು ಹಿಡಿದಿತ್ತು. ಆ ಅರ್ಧ ಗಂಟೆ ಮತ್ತೆ ಸಿಗಲಿಲ್ಲ.

ರೇಡ್ ಕಾರ್ಡ್ ಹೀಗೆ ಆದಾಗ ಯಾಕೆ ಸುಮ್ನಿರುತ್ತದೆ? ಡಿಸ್ಕ್ "ನನಗೆ ಓದಲು ಆಗುತ್ತಿಲ್ಲ" ಅಂದರೆ ಕಾರ್ಡ್ ಸರಿಪಡಿಸುತ್ತದೆ. ಡಿಸ್ಕ್ ತಪ್ಪು ಡೇಟಾವನ್ನೇ ಸರಿ ಅಂತ ಕೊಟ್ಟರೆ ಸಾಮಾನ್ಯ ಕಾರ್ಡಿಗೆ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಕನ್ಸಿಸ್ಟೆನ್ಸಿ ಚೆಕ್ ಓಡಿಸಿದರೆ ಎರಡು ಪ್ರತಿ ತಾಳೆಯಾಗುತ್ತಿಲ್ಲ ಅಂತ ತಿಳಿಯಬಹುದು, ಆದರೆ ಎರಡರಲ್ಲಿ ಸರಿ ಯಾವುದು ಅಂತ ಹೇಳಲು ಅದರ ಹತ್ತಿರ ಸಾಕ್ಷಿ ಇಲ್ಲ. ಎಂಡಿ ರೇಡ್ ಕಥೆಯೂ ಇದೇ.

ಝಡ್‌ಎಫ್‌ಎಸ್ ಪ್ರತಿ ಬ್ಲಾಕಿಗೂ ಒಂದು ಚೆಕ್‌ಸಮ್ (ಡೇಟಾದಿಂದಲೇ ಲೆಕ್ಕ ಹಾಕಿದ ತಾಳೆ ಸಂಖ್ಯೆ) ಬರೆದು, ಅದನ್ನು ಆ ಬ್ಲಾಕಿನ ಜೊತೆ ಇಡದೆ ಮೇಲಿನ ಬ್ಲಾಕ್‌ನಲ್ಲಿ ಇಡುತ್ತದೆ. ಓದುವಾಗ ತಾಳೆ ನೋಡುತ್ತದೆ, ತಪ್ಪಿದ್ದರೆ ಇನ್ನೊಂದು ಡಿಸ್ಕಿನ ಪ್ರತಿಯಿಂದ ತಿದ್ದಿ ಬರೆಯುತ್ತದೆ. ಆ ರೆಕಾರ್ಡಿಂಗ್‌ಗಳನ್ನು ಝಡ್‌ಎಫ್‌ಎಸ್ ಮಿರರ್‌ಗೆ ಹಾಕಿ ಕೆಲವು ತಿಂಗಳಾದ ಮೇಲೆ ಪೂಲ್ ಸ್ಟೇಟಸ್ ನೋಡಿದೆ. ರೀಡ್, ರೈಟ್, ಚೆಕ್‌ಸಮ್ ಅಂತ ಮೂರು ಕಾಲಂ ಬರುತ್ತದೆ. ರೀಡ್ ಸೊನ್ನೆ, ರೈಟ್ ಸೊನ್ನೆ, ಎರಡನೇ ಡಿಸ್ಕಿನ ಮುಂದೆ ಚೆಕ್‌ಸಮ್ 3. ಡೇಟಾ ಆಗಲೇ ರಿಪೇರಿ ಆಗಿತ್ತು. ಓದು ಬರಹದಲ್ಲಿ ತಪ್ಪಿಲ್ಲದೆ ಚೆಕ್‌ಸಮ್ ಮಾತ್ರ ಏರುತ್ತಿದ್ದರೆ ನಾನು ಮೊದಲು ಕೇಬಲ್ ನೋಡುತ್ತೇನೆ. ಬಿಚ್ಚಿದರೆ ಸಾಟಾ ಕೇಬಲಿನ ತುದಿಯಲ್ಲಿ ಕಪ್ಪಗೆ ಮಸಿ ಹಿಡಿದ ಹಾಗಿತ್ತು. ಸಮುದ್ರದಿಂದ ಎರಡು ಕಿಲೋಮೀಟರ್ ದೂರದ ಮನೆ, ಉಪ್ಪು ಗಾಳಿ. ಕೇಬಲ್ ಬದಲಿಸಿ ಎಣಿಕೆ ಸೊನ್ನೆ ಮಾಡಿದೆವು, ಮತ್ತೆ ಏರಲಿಲ್ಲ.

ಇದೇ ಕಾರಣಕ್ಕೆ ಮತ್ತೆ ತರಲಾಗದ ವಸ್ತು ಇರುವಲ್ಲಿ ನಾನು ಝಡ್‌ಎಫ್‌ಎಸ್ ಬಿಟ್ಟು ಬೇರೆ ಹೇಳುವುದಿಲ್ಲ.

ಹೆಜ್ಜೆ 4: ತೀರ್ಮಾನ ಮಾಡಿ, ಆದರೆ ಎರಡನ್ನೂ ಬೆರೆಸಬೇಡಿ

ಕಾರ್ಡಿನ ಪರವಾಗಿ ನಿಜವಾದ ಒಂದು ಮಾತು ಉಂಟು. ಡಿಸ್ಕ್ ಕೆಟ್ಟರೆ ಅದರ ಟ್ರೇಯಲ್ಲಿ ಹಳದಿ ದೀಪ ಉರಿಯುತ್ತದೆ, ಕಚೇರಿಯ ಹುಡುಗ ಅದನ್ನು ಎಳೆದು ಹೊಸದು ತಳ್ಳಿದರೆ ಸಾಕು, ಉಳಿದದ್ದು ತಾನಾಗಿ ನಡೆಯುತ್ತದೆ. ಲಿನಕ್ಸ್ ಗೊತ್ತಿರುವವರು ಯಾರೂ ಇಲ್ಲದ, ಕಂಪನಿಯ ವಾರಂಟಿ ಇನ್ನೂ ಇರುವ ಕಚೇರಿಗೆ ಇದು ದೊಡ್ಡ ಅನುಕೂಲ. ಅಂಥಲ್ಲಿ ಕಾರ್ಡೇ ಸರಿ.

ನಡೆಸಿಕೊಂಡು ಹೋಗುವವರು ಇದ್ದಾರೆ, ಹಾರ್ಡ್‌ವೇರ್ ಹಳೆಯದು, ವಾರಂಟಿ ಮುಗಿದಿದೆ ಅಂದರೆ ಝಡ್‌ಎಫ್‌ಎಸ್. ಮಲ್ಪೆಯ ಒಂದು ಐಸ್ ಪ್ಲಾಂಟ್‌ನಲ್ಲಿ ಸರ್ವರ್ ಬೋರ್ಡ್ ಸುಟ್ಟಾಗ ಎರಡು ಡಿಸ್ಕ್ ಬಿಚ್ಚಿ, ಪಕ್ಕದ ಟೇಬಲಿನ ಸಾಮಾನ್ಯ ಪಿಸಿಗೆ ಸಿಕ್ಕಿಸಿ, ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ಪೂಲ್ ಇಂಪೋರ್ಟ್ ಅಂದೆ. ಬಂತು. ಚಹಾ ಆರುವ ಮೊದಲೇ ಲೆಕ್ಕ ಕಣ್ಣೆದುರು ಇತ್ತು. ಅಲ್ಲಿ ಓದುವ ವಿದ್ಯೆ ಇದ್ದದ್ದು ಪೆನ್‌ಡ್ರೈವ್‌ನಲ್ಲಿ, ಅದು ನನ್ನ ಬ್ಯಾಗಿನಲ್ಲೇ ಇತ್ತು.

ಮಾಡಲೇಬಾರದ್ದು: ರೇಡ್ ಕಾರ್ಡ್‌ನಲ್ಲಿ ರೇಡ್ 5 ಮಾಡಿ, ಬರುವ ಆ ಒಂದು ದೊಡ್ಡ ಡಿಸ್ಕ್ ಮೇಲೆ ಝಡ್‌ಎಫ್‌ಎಸ್ ಹಾಕುವುದು. ತಪ್ಪು ಆಗಿದೆ ಅಂತ ಅದು ಹೇಳುತ್ತದೆ, ಆದರೆ ತಿದ್ದಲು ಇನ್ನೊಂದು ಪ್ರತಿ ಅದರ ಕೈಯಲ್ಲಿ ಇರುವುದಿಲ್ಲ. ಪ್ರತಿ ಡಿಸ್ಕನ್ನೂ ಒಂದೊಂದು ರೇಡ್ 0 ಮಾಡಿ ಕೊಡುವ ಉಪಾಯವೂ ಬೇಡ. ನಡುವೆ ಕಾರ್ಡಿನ ಕ್ಯಾಶ್ ಉಳಿಯುತ್ತದೆ, ಡಿಸ್ಕ್ ಬದಲಿಸುವಾಗ ಮತ್ತೆ ಕಾರ್ಡಿನ ಮೆನುಗೆ ಹೋಗಬೇಕು.

ಹೆಜ್ಜೆ 5: ಝಡ್‌ಎಫ್‌ಎಸ್ ಕಟ್ಟುವ ಕ್ರಮ

ಡಿಸ್ಕ್‌ಗಳು ನೇರವಾಗಿ ಕಾಣಬೇಕು. ಬೋರ್ಡಿನ ಸಾಟಾ ಪೋರ್ಟ್ ಸಾಕಾದರೆ ಒಳ್ಳೆಯದು. ಇಲ್ಲವಾದರೆ ಎಚ್‌ಬಿಎ ಕಾರ್ಡ್ ಬೇಕು, ಅದು ರೇಡ್ ಮಾಡದೆ ಡಿಸ್ಕ್‌ಗಳನ್ನು ಇದ್ದ ಹಾಗೇ ತೋರಿಸುತ್ತದೆ. ಎಲ್‌ಎಸ್‌ಐ 9300-8ಐ ಅಂಥದ್ದು ಹಳೆಯ ಸಾಮಾನಿನಲ್ಲಿ ಸಿಗುತ್ತದೆ, ಐಟಿ ಮೋಡ್ (ರೇಡ್ ಇಲ್ಲದ) ಫರ್ಮ್‌ವೇರ್ ಇರುವುದನ್ನು ಕೇಳಿ ತೆಗೆದುಕೊಳ್ಳಿ. ಕೆಲವು ರೇಡ್ ಕಾರ್ಡ್‌ಗಳಲ್ಲೇ ಎಚ್‌ಬಿಎ ಮೋಡ್ ಉಂಟು. ಹಾಕಿದ ಮೇಲೆ ಡಿಸ್ಕಿನ ನಿಜವಾದ ಸೀರಿಯಲ್ ನಂಬರ್ ಮತ್ತು ಸ್ಮಾರ್ಟ್ ವಿವರ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಲಿನಕ್ಸ್‌ಗೆ ಕಾಣುತ್ತದಾ ನೋಡಿ. ಕಂಡರೆ ಸರಿ.

ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್ ಬೇಡ, ಸಿಎಂಆರ್ ಬೇಕು ಅಂತ ಸ್ಪಷ್ಟವಾಗಿ ಹೇಳಿ. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್‌ಗಳು ಹಂಚಿನ ಹಾಗೆ ಒಂದರ ಮೇಲೊಂದು ಒರಗಿರುತ್ತವೆ, ಒಂದನ್ನು ತಿದ್ದಬೇಕಾದರೆ ಪಕ್ಕದ್ದನ್ನೂ ಬರೆಯಬೇಕು, ರಿಪೇರಿ ಹೊತ್ತಿಗೆ ಡಿಸ್ಕ್ ತೆವಳುತ್ತದೆ. 2020ರಲ್ಲಿ ನ್ಯಾಸ್‌ಗೆಂದೇ (ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ಡಬ್ಬಿ) ಮಾರುತ್ತಿದ್ದ ಕೆಲವು ಡಿಸ್ಕ್‌ಗಳೂ ಎಸ್‌ಎಂಆರ್ ಅಂತ ಹೊರಬಿದ್ದು ದೊಡ್ಡ ಗಲಾಟೆ ಆಗಿತ್ತು, ಹಾಗಾಗಿ ಡಬ್ಬಿಯ ಮೇಲಿನ ಹೆಸರು ನಂಬದೆ ಮಾಡೆಲ್ ನಂಬರ್ ಹುಡುಕಿ ನೋಡಿ. ಎಲ್ಲ ಡಿಸ್ಕ್ ಒಂದೇ ಬ್ಯಾಚಿನದ್ದು ಬೇಡ, ಎರಡು ಅಂಗಡಿಯಿಂದ ತನ್ನಿ.

ಮಿರರೋ ರೇಡ್‌ಝಡ್ಡೋ? ನಾಲ್ಕು ಡಿಸ್ಕಿನವರೆಗೆ ನಾನು ಮಿರರ್ ಜೋಡಿಗಳನ್ನೇ ಹಾಕುತ್ತೇನೆ. ಜಾಗ ಅರ್ಧ ಹೋಗುತ್ತದೆ ನಿಜ. ಆದರೆ ಲೆಕ್ಕ ಹಾಕಿ ನೋಡಿ: 8 ಟಿಬಿ ಡಿಸ್ಕನ್ನು ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಪೂರ್ತಿ ತುಂಬಲು ಸುಮಾರು 15 ಗಂಟೆ, ಅದೂ ಬೇರೆ ಕೆಲಸ ಇಲ್ಲದಿದ್ದರೆ. ಅಷ್ಟು ಹೊತ್ತು ನಾಲ್ಕು ಡಿಸ್ಕಿನ ರೇಡ್ 5 ಉಳಿದ ಮೂರನ್ನೂ, ಅಂದರೆ 24 ಟಿಬಿ, ಒಂದೂ ತಪ್ಪಿಲ್ಲದೆ ಓದಬೇಕು. ಸಾಧಾರಣ ಡಿಸ್ಕ್‌ಗಳ ವಿವರ ಪತ್ರದಲ್ಲಿ ಹೆಚ್ಚೆಂದರೆ 12.5 ಟಿಬಿ ಓದಿಗೆ ಒಂದು ಓದಲಾಗದ ತಪ್ಪು ಬರಬಹುದು ಅನ್ನುವ ಮಿತಿ ಬರೆದಿರುತ್ತದೆ. ನಿಜದಲ್ಲಿ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿಯೇ ಇರುತ್ತವೆ, ಆದರೂ ಆ ರಾತ್ರಿ ಒಂದೇ ಪ್ಯಾರಿಟಿ ನಂಬಿ ನಿದ್ದೆ ಮಾಡುವುದು ಕಷ್ಟ. ಮಿರರ್‌ನಲ್ಲಿ ಜೊತೆಗಾರ ಡಿಸ್ಕ್ ಒಂದನ್ನೇ ಓದಿದರೆ ಸಾಕು, ಅದೂ ತುಂಬಿದ ಭಾಗ ಮಾತ್ರ. ಆರು ಅಥವಾ ಜಾಸ್ತಿ ಡಿಸ್ಕ್ ಇದ್ದರೆ ರೇಡ್‌ಝಡ್ 2 ಹಾಕಿ, ಎರಡು ಡಿಸ್ಕ್ ಹೋದರೂ ತಡೆಯುತ್ತದೆ.

ಪೂಲ್ ಮಾಡುವಾಗ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರು ಕೊಡಬೇಡಿ, ಪೋರ್ಟ್ ಬದಲಾದರೆ ಅವೂ ಬದಲಾಗುತ್ತವೆ. ಡಿಸ್ಕ್ ಫೋಲ್ಡರಿನ ಬೈ-ಐಡಿ ಹೆಸರು ಕೊಡಿ, ಅದರಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಎ-ಶಿಫ್ಟ್ 12 ಅಂತ ಹೇಳಿಯೇ ಮಾಡಿ, ಅಂದರೆ 4096 ಬೈಟ್ ಸೆಕ್ಟರ್. ಇದನ್ನು ಆಮೇಲೆ ಬದಲಿಸಲು ಆಗುವುದಿಲ್ಲ. ಎಲ್‌ಝಡ್4 ಕಂಪ್ರೆಷನ್ ಆನ್, ಎ-ಟೈಮ್ (ಫೈಲ್ ಓದಿದಾಗೆಲ್ಲ ಸಮಯ ಬರೆಯುವುದು) ಆಫ್. ಒಂದೇ ಥರದ ಬ್ಲಾಕ್‌ಗಳನ್ನು ಒಂದೇ ಸಲ ಇಡುವ ಡೀಡೂಪ್ ಮುಟ್ಟಬೇಡಿ, ಮೆಮೊರಿ ನುಂಗುತ್ತದೆ. ಪೂಲನ್ನು 80 ಶೇಕಡಾ ದಾಟಿಸಬೇಡಿ, ಖಾಲಿ ಜಾಗ ಹುಡುಕಿ ಬರೆಯುವ ವ್ಯವಸ್ಥೆ ಅದು, ಜಾಗ ಕಡಿಮೆಯಾದಷ್ಟು ನಿಧಾನ.

ಮೆಮೊರಿ ವಿಷಯ. ಖಾಲಿ ಇರುವ ರ್‍ಯಾಮ್ ಅನ್ನು ಝಡ್‌ಎಫ್‌ಎಸ್ ತನ್ನ ಆರ್ಕ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ, ಲಿನಕ್ಸ್‌ನ ಹಳೆಯ ಆವೃತ್ತಿಗಳಲ್ಲಿ ಅರ್ಧದವರೆಗೂ. ಮೇಲೆ ವರ್ಚುವಲ್ ಮಷಿನ್‌ಗಳು ಇದ್ದರೆ ಅದಕ್ಕೊಂದು ಮಿತಿ ಹಾಕಿ. 32 ಜಿಬಿ ಮಷಿನ್‌ನಲ್ಲಿ ನಾನು 8 ಜಿಬಿ ಕೊಡುತ್ತೇನೆ. ತನ್ನ ತಪ್ಪನ್ನು ತಾನೇ ತಿದ್ದುವ ಇಸಿಸಿ ರ್‍ಯಾಮ್ ಇದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಝಡ್‌ಎಫ್‌ಎಸ್ ಹಾಕಲೇಬಾರದು ಅನ್ನುವುದು ಸುಳ್ಳು, ಬೇರೆ ಫೈಲ್‌ಸಿಸ್ಟಂಗಿರುವ ಅಪಾಯವೇ ಇದಕ್ಕೂ ಇರುವುದು.

ಹೆಜ್ಜೆ 6: ಕಾರ್ಡೇ ಅಂತ ಆದರೆ

ಅದೇ ಮಾದರಿಯ ಇನ್ನೊಂದು ಕಾರ್ಡ್ ಕೊಂಡು ಕಪಾಟಿನಲ್ಲಿ ಇಡಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಬಿಗಿ ಡಬ್ಬಿಯಲ್ಲಿ. ಇದಕ್ಕೆ ದುಡ್ಡಿಲ್ಲ ಅಂದರೆ ಕಾರ್ಡ್ ರೇಡಿಗೆ ದುಡ್ಡಿಲ್ಲ ಅಂತಲೇ ಲೆಕ್ಕ. ಬ್ಯಾಟರಿಗಿಂತ ಸೂಪರ್ ಕೆಪಾಸಿಟರ್ ಇರುವ ಕಾರ್ಡ್ ನೋಡಿ. ದೊಡ್ಡ ಡಿಸ್ಕ್‌ಗಳಿಗೆ ರೇಡ್ 5 ಬಿಟ್ಟು ರೇಡ್ 10 (ಮಿರರ್ ಜೋಡಿಗಳು) ಅಥವಾ 6 ಮಾಡಿ. ಪಟ್ರೋಲ್ ರೀಡ್ (ಕಾರ್ಡ್ ಹಿನ್ನೆಲೆಯಲ್ಲಿ ಡಿಸ್ಕ್ ಓದಿ ತಪ್ಪು ಹುಡುಕುವುದು) ಆನ್ ಇದೆಯಾ ನೋಡಿ. ಡಿಸ್ಕ್ ತನ್ನ ತಪ್ಪಿನ ಜೊತೆ ಎಷ್ಟು ಹೊತ್ತು ಗುದ್ದಾಡಬೇಕು ಅನ್ನುವ ಮಿತಿ ಸರ್ವರ್ ಮತ್ತು ನ್ಯಾಸ್ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ 7 ಸೆಕೆಂಡ್ ಇರುತ್ತದೆ. ಮನೆಯ ಪಿಸಿ ಡಿಸ್ಕ್‌ಗಳಲ್ಲಿ ಮಿತಿ ಇಲ್ಲದೆ ಕಾರ್ಡ್ ಅವನ್ನು ಸತ್ತವು ಅಂತ ಹೊರಗೆ ಹಾಕಿಬಿಡಬಹುದು, ಅವನ್ನು ಹಾಕಬೇಡಿ.

ಕಾರ್ಡಿನ ಸ್ಥಿತಿ ಓದುವ ತಂತ್ರಾಂಶ, ಸ್ಟೋರ್‌ಸಿಎಲ್‌ಐ ಅಥವಾ ಆಯಾ ಕಂಪನಿಯದ್ದು, ಮೊದಲ ದಿನವೇ ಹಾಕಿ.

ಹೆಜ್ಜೆ 7: ಕೆಟ್ಟದ್ದು ನಿಮಗೆ ಗೊತ್ತಾಗಬೇಕು

ಒಂದು ಕಚೇರಿಯಲ್ಲಿ ಕಾರ್ಡಿನ ಬಜರ್ ಎರಡು ತಿಂಗಳು ಕೂಗಿದೆ. ಎಸಿ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ, ಕೇಳಿಸಿದವರು ಯುಪಿಎಸ್ ಅಂದುಕೊಂಡಿದ್ದರು. ಎರಡನೇ ಡಿಸ್ಕ್ ಹೋದ ಮೇಲೆ ನನಗೆ ಫೋನ್ ಬಂತು.

ಹಾಗಾಗಿ ಸದ್ದು ನಂಬಬೇಡಿ, ಮೇಲ್ ಬರುವ ಹಾಗೆ ಮಾಡಿ. ಝಡ್‌ಎಫ್‌ಎಸ್‌ಗೆ ಝೆಡ್ ಅನ್ನುವ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಉಂಟು, ಅದರ ಫೈಲಿನಲ್ಲಿ ನಿಮ್ಮ ಮೇಲ್ ವಿಳಾಸ ಬರೆಯಿರಿ. ಡಿಸ್ಕ್‌ಗಳ ಸ್ಮಾರ್ಟ್ ನೋಡಲು ಸ್ಮಾರ್ಟ್‌ಡಿ. ಡೆಬಿಯನ್, ಉಬುಂಟುಗಳಲ್ಲಿ ತಿಂಗಳ ಎರಡನೇ ಭಾನುವಾರ ಸ್ಕ್ರಬ್, ಅಂದರೆ ಪೂಲ್‌ನ ಡೇಟಾ ಎಲ್ಲ ಓದಿ ಚೆಕ್‌ಸಮ್ ತಾಳೆ ನೋಡುವುದು, ತಾನಾಗಿ ಓಡುತ್ತದೆ. ಆ ಮಷಿನ್ ಭಾನುವಾರ ಆಫ್ ಮಾಡುವ ಕಚೇರಿಯಾದರೆ ದಿನ ಬದಲಿಸಿ, ಇಲ್ಲದಿದ್ದರೆ ವರ್ಷಗಟ್ಟಲೆ ಸ್ಕ್ರಬ್ ಆಗಿರುವುದೇ ಇಲ್ಲ.

ಮತ್ತೆ ಬ್ಯಾಕಪ್. ರೇಡ್, ಮಿರರ್, ಸ್ನ್ಯಾಪ್‌ಶಾಟ್ ಯಾವುದೂ ಸಿಡಿಲಿಗೆ, ಕಳ್ಳನಿಗೆ, ರ್‍ಯಾನ್ಸಮ್‌ವೇರ್‌ಗೆ ಪೂರ್ತಿ ಉತ್ತರ ಕೊಡುವುದಿಲ್ಲ. ಝಡ್‌ಎಫ್‌ಎಸ್ ಇದ್ದರೆ ಸೆಂಡ್ ಮತ್ತು ರಿಸೀವ್ ಬಳಸಿ ಬದಲಾದಷ್ಟನ್ನು ಮಾತ್ರ ಬೇರೆ ಜಾಗಕ್ಕೆ ಕಳಿಸಿ. ಮಂಗಳೂರಿನ ಒಂದು ಮಷಿನ್ ದಿನಾ ರಾತ್ರಿ ಮಣಿಪಾಲದ ಇನ್ನೊಂದಕ್ಕೆ ಕಳಿಸುತ್ತದೆ, ಸಿಂಕಾಯ್ಡ್ ಅನ್ನುವ ಸಣ್ಣ ಸಾಧನದಿಂದ, ಸಾಮಾನ್ಯ ಫೈಬರ್ ಸಂಪರ್ಕದಲ್ಲೇ.

ಹೆಜ್ಜೆ 8: ಕೆಲಸಕ್ಕೆ ಕೊಡುವ ಮೊದಲು ಕೆಡಿಸಿ ನೋಡಿ

ಡೇಟಾ ಹಾಕುವ ಮೊದಲು ಒಂದು ದಿನ ಇದಕ್ಕೇ ಇಡಿ. ಪರೀಕ್ಷೆಗೆ ಕೆಲವು ಫೈಲ್ ಹಾಕಿ, ಓಡುತ್ತಿರುವಾಗಲೇ ಒಂದು ಡಿಸ್ಕ್ ಎಳೆಯಿರಿ. ಮೇಲ್ ಬಂತಾ? ಎಷ್ಟು ನಿಮಿಷಕ್ಕೆ? ಹೊಸ ಡಿಸ್ಕ್ ಹಾಕಿ ರಿಪ್ಲೇಸ್ ಕೊಡಿ, ರಿಪೇರಿ ಮುಗಿಯುವವರೆಗೆ ನೋಡಿ. ಆಮೇಲೆ ಯುಪಿಎಸ್‌ನ ಗೋಡೆ ಪ್ಲಗ್ ಕಿತ್ತು ಕಾಯಿರಿ, ಸರ್ವರ್ ತಾನಾಗಿ ಮಲಗುತ್ತದಾ ನೋಡಿ. ಕೊನೆಗೆ ಎಲ್ಲ ಡಿಸ್ಕ್ ಬಿಚ್ಚಿ ಬೇರೆ ಮಷಿನ್‌ಗೆ, ಕಾರ್ಡ್ ಆದರೆ ಕಪಾಟಿನ ಎರಡನೇ ಕಾರ್ಡ್‌ಗೆ ಸಿಕ್ಕಿಸಿ ಡೇಟಾ ಬರುತ್ತದಾ ನೋಡಿ.

ಬಂದರೆ ಒಂದು ಕಾಗದ ತೆಗೆದುಕೊಳ್ಳಿ. ಯಾವ ಟ್ರೇಯಲ್ಲಿ ಯಾವ ಸೀರಿಯಲ್ ನಂಬರಿನ ಡಿಸ್ಕ್, ಕೆಟ್ಟರೆ ಕೊಡಬೇಕಾದ ಎರಡು ಕಮಾಂಡ್, ಬದಲಿ ಡಿಸ್ಕ್ ಯಾವ ಕಪಾಟಿನಲ್ಲಿ ಅಂತ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಮಳೆಗಾಲದ ತೇವಕ್ಕೆ ಮುದ್ದೆಯಾಗದ ಹಾಗೆ ಲ್ಯಾಮಿನೇಟ್ ಮಾಡಿಸಿ, ರ್‍ಯಾಕಿನ ಬಾಗಿಲ ಒಳಗೆ ಅಂಟಿಸಿ.